ವಿದ್ಯಾರ್ಥಿನಿಯ ದಿನ: ಪಾಠ, ಮಾತು, ಹಾಡು, ಒಲವು

ಈ ಸ್ಮರಣಸಂಚಿಕೆಯಲ್ಲಿ ಶಾಲೆಯ ಇತಿಹಾಸ, ಪರೀಕ್ಷೆಗಳ ಫಲ, ಬಹುಮಾನಗಳ ವಿವರ ಇವೆಲ್ಲ ಬೇರೆ ಪುಟಗಳಲ್ಲಿ ಬಂದಿರುವವು. ಆದುದರಿಂದ ನಾನು ಅವುಗಳನ್ನು ಮುಟ್ಟದೆ, ನಮ್ಮ ಒಬ್ಬ ಸಾಮಾನ್ಯ ವಿದ್ಯಾರ್ಥಿನಿಯ ಒಂದು ಸಾಮಾನ್ಯ ದಿನದ ವಿಷಯವಾಗಿ ನಾಲ್ಕು ಮಾತು ಬರೆಯುವೆನು. ಇದು ಬಹುಮಾನ ಪಡೆದವಳ ದಿನವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಲಿನ ಯಾವದೋ ಹಳ್ಳಿಯಿಂದ ಬಂದು ಮೂರನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತುಕೊಳ್ಳುವ ಹುಡುಗಿಯ ದಿನ.

ಪಾಲಕರು ಈ ಹುಡುಗಿಯನ್ನು ಮುಂಜಾನೆ ಮತ್ತು ರಾತ್ರಿ ಕಾಣುವರು. ಶಿಕ್ಷಕಿಯರಾದ ನಾವು ಹತ್ತು ಗಂಟೆಯಿಂದ ಸಂಜೆಯ ವರೆಗೆ ಕಾಣುವೆವು. ಅವಳ ಇಡಿಯ ದಿನವನ್ನು ಬಲ್ಲವಳು ಅವಳೊಬ್ಬಳೇ. ಮನೆಯವರು ಅವಳ ಪಾಠವನ್ನು ಶಾಲೆಯವರ ಕೆಲಸವೆಂದು ತಿಳಿಯುವರು. ಶಾಲೆಯವರು ಅವಳ ಮನೆಮಾತನ್ನೂ ಹಾಡನ್ನೂ ಮನೆಯವರ ಸೊತ್ತೆಂದು ಬಿಡುವರು. ಒಲವೆಂಬ ಮಾತನ್ನಂತೂ ಎರಡೂ ಕಡೆಯವರು ಎತ್ತುವದಿಲ್ಲ. ಆದರೆ ಇವು ನಾಲ್ಕೂ ಒಂದೇ ಜಡೆಯ ಎಳೆಗಳು. ಒಂದನ್ನು ಕಿತ್ತರೆ ಉಳಿದವು ಸಡಿಲಾಗುವವು. ಇದನ್ನು ಒಂದೊಂದಾಗಿ ವಿವರಿಸುವದೇ ಈ ಲೇಖನದ ಉದ್ದೇಶ.

೧. ಪಾಠ

ಹಳ್ಳಿಯ ವಿದ್ಯಾರ್ಥಿನಿಯ ದಿನವು ಪಾಠದಿಂದ ಆರಂಭವಾಗುವದಿಲ್ಲ. ಕಸ ಹೊಡೆಯುವದು, ನೀರು ತುಂಬುವದು, ತಮ್ಮ-ತಂಗಿಯರನ್ನು ಎಬ್ಬಿಸುವದು, ಅವ್ವನು ರೊಟ್ಟಿ ಬಡಿಯುವಾಗ ಒಲೆಗೆ ಉರಿ ಹಾಕುವದು, ಇವು ಮೊದಲನೆಯ ಪಾಠಗಳು. ಬಳಿಕ ಬಸ್ಸಿನ ದಾರಿ ಕಾಯುವದು. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜವಿಜ್ಞಾನ ಎಂದು ಆರು ವಿಷಯಗಳು. ಸಂಜೆ ಮನೆಗೆ ಮರಳಿದರೆ ಮತ್ತೆ ಕೆಲಸ. ಪುಸ್ತಕ ತೆರೆಯಲು ಅವಳಿಗೆ ದೊರೆಯುವ ಸಮಯವು ಎಲ್ಲರೂ ಉಂಡ ಮೇಲೆ, ಎಲ್ಲರೂ ದೀಪ ಆರಿಸಿ ಮಲಗುವದಕ್ಕಿಂತ ಮೊದಲು ಸಿಕ್ಕುವ ಸ್ವಲ್ಪ ಹೊತ್ತು ಮಾತ್ರ.

ಈ ದೀಪದ ವಿಷಯದಲ್ಲಿ ನಮ್ಮ ಸೀಮೆಯ ಹಳೆಯ ಸಂಗತಿಯೊಂದನ್ನು ಪ್ರತಿಯೊಬ್ಬ ಪಾಲಕನೂ ತಿಳಿದಿರಬೇಕು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೫ರ ಶಾಸನವೊಂದು ದೊರೆತಿದೆ. ಆಗ ಆ ಊರಿಗೆ ಪಾವಿಟ್ಟಗೆ ಎಂದು ಹೆಸರು. ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ವಾಸಕ್ಕೆ ೨೭ ಮನೆಗಳಿದ್ದವು. ಶಾಲೆಯ ನಿರ್ವಾಹಕ್ಕೆ ೫೦೦ ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ಉಪಾಧ್ಯಾಯನಿಗೆ ೫೦ ನಿವರ್ತನ. ದೀಪಗಳ ಖರ್ಚಿಗೆಂದೇ ಪ್ರತ್ಯೇಕವಾಗಿ ೧೨ ನಿವರ್ತನ! ಇಷ್ಟೇ ಅಲ್ಲ. ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಇನ್ನೂ ಕಡಿಮೆ, ಹೀಗೆ ಮಂಗಲಕಾರ್ಯ ನಡೆದ ಮನೆಯವರು ವಿದ್ಯೆಗೆ ಕಾಣಿಕೆ ಸಲ್ಲಿಸಬೇಕೆಂದು ಕಟ್ಟಳೆಯಿತ್ತು. ಊರಿನ ಈಗಿನ ಹೆಸರು ಆ ಶಾಲೆಯಿಂದಲೇ ಬಂದಿತೆಂದು ವಿದ್ವಾಂಸರು ಹೇಳುವರು.

ಈ ಶಾಸನದಿಂದ ನಾವು ಕಲಿಯಬೇಕಾದದ್ದು ಎರಡುಂಟು. ವಿದ್ಯಾರ್ಥಿಗೆ ಅನ್ನ, ವಸತಿಗಳಂತೆ ಬೆಳಕೂ ಬೇಕೆಂದು, ಅದನ್ನು ಬೇರೆಯಾಗಿ ಎಣಿಸಬೇಕೆಂದು ಸಾವಿರ ವರ್ಷಗಳ ಹಿಂದಿನವರು ಬಲ್ಲವರಾಗಿದ್ದರು. ಇಂದು ಮನೆಮನೆಗೆ ವಿದ್ಯುದ್ದೀಪವಿದೆ. ಆದರೆ ಆ ದೀಪದ ಕೆಳಗೆ ಟಿ. ವಿ. ನಡೆದಿರುವದು, ಬಂದವರ ಮಾತು ನಡೆದಿರುವದು. ಬೆಳಕು ಉಂಟು, ವಿದ್ಯಾರ್ಥಿನಿಯ ಪಾಲಿನ ಬೆಳಕು ಇಲ್ಲ. ಎರಡನೆಯದು, ಅಂದು ಮದುವೆಯು ವಿದ್ಯೆಗೆ ಕೊಡುತ್ತಿತ್ತು, ವಿದ್ಯೆಯಿಂದ ಕಸಿದುಕೊಳ್ಳುತ್ತಿರಲಿಲ್ಲ. ಆ ೨೭ ಮನೆಗಳಲ್ಲಿ ಹೆಣ್ಣುಮಕ್ಕಳಿಗಾಗಿ ಒಂದಾದರೂ ಇತ್ತೆಂದು ಶಾಸನವು ಹೇಳುವದಿಲ್ಲ. ಆ ಕೊರತೆಯನ್ನು ತುಂಬಲು ಬಹುಕಾಲ ಹಿಡಿಯಿತು. ತುಂಬಿದ ಮೇಲೂ ನಮ್ಮ ಹುಡುಗಿಯರ ಪಾಠವನ್ನು ನಡುವೆಯೇ ನಿಲ್ಲಿಸುವ ಕಾರ್ಯವೆಂದರೆ ಮದುವೆಯೇ ಆಗಿದೆ. ಈ ಮಾತಿಗೆ ಮುಂದೆ ಮರಳುವೆನು.

೨. ಮಾತು

ಹೊಸದಾಗಿ ಶಾಲೆಗೆ ಬಂದ ಹುಡುಗಿಯು ಮೊದಲ ತಿಂಗಳು ಮಾತನಾಡುವದಿಲ್ಲ. ಅವಳು ಮೂಕಿಯಲ್ಲ, ಮನೆಯಲ್ಲಿ ಅವಳ ಬಾಯಿಗೆ ತಡೆಯಿಲ್ಲ. ಅವಳು 'ಸಾಲಿ' ಎಂದರೆ ನಗುವವರುಂಟು, 'ಶಾಲೆ' ಎನ್ನಬೇಕು. ಹೀಗೆ ಎರಡು ಮೂರು ಸಲ ನಕ್ಕರೆ ಸಾಕು, ಅವಳು ತನ್ನ ಮಾತೆಲ್ಲವೂ ತಪ್ಪೆಂದು ಬಗೆದು ತುಟಿ ಮುಚ್ಚುವಳು. ಆದರೆ 'ಸಾಲೋಟಗಿ'ಯೆಂಬ ಹೆಸರಿನಲ್ಲಿ ಶತಮಾನಗಳಿಂದ ಕುಳಿತಿರುವದು ಅವಳ 'ಸಾಲೆ'ಯೇ ಅಲ್ಲವೆ?

ಪುಸ್ತಕದ ಮಾತು ಬೇಕು, ಅದನ್ನು ಕಲಿಸುವದು ನಮ್ಮ ಕರ್ತವ್ಯ. ಆದರೆ ಮನೆಯ ಮಾತಿನ ಮೇಲೆ ನಿಂತರೆ ಪುಸ್ತಕದ ಮಾತು ಬೇಗ ಹತ್ತುವದು. ಒಂದು ಉದಾಹರಣೆಯನ್ನು ಹೇಳುವೆನು. ವಿಜ್ಞಾನದ ಪಾಠದಲ್ಲಿ 'ಕಣ' ಎಂದರೆ ವಸ್ತುವಿನ ಅತಿ ಸೂಕ್ಷ್ಮವಾದ ಅಂಶ. ಒಕ್ಕಲಿಗರ ಮನೆಯ ಹುಡುಗಿಗೆ 'ಕಣ'ವೆಂದರೆ ತೆನೆಗಳನ್ನು ಹಾಕಿ ರಾಶಿ ಮಾಡುವ ವಿಶಾಲವಾದ ಬಯಲು. ಅವಳು ಕಕ್ಕಾಬಿಕ್ಕಿಯಾಗುವದು ಬುದ್ಧಿಯ ದೋಷದಿಂದಲ್ಲ, ಎರಡು ಶಬ್ದಗಳು ಒಂದೇ ರೂಪದಲ್ಲಿ ಎದುರಿಗೆ ಬಂದುದರಿಂದ. ಒಂದು ಸಂಸ್ಕೃತದಿಂದ ಬಂದುದು, ಒಂದು ಕನ್ನಡದ್ದೇ ಎಂದು ಬಿಡಿಸಿ ಹೇಳಿದರೆ ಅವಳು ಎರಡನ್ನೂ ಮರೆಯಲಾರಳು. ಹಾಗೆಯೇ 'ಹಗೆ.' ಪದ್ಯದಲ್ಲಿ ಅದು ವೈರ; ಅವಳ ಅಜ್ಜನ ಬಾಯಲ್ಲಿ ಅದು ಜೋಳ ತುಂಬಿಡುವ ನೆಲದೊಳಗಿನ ಹಗೇವು. ಡೋಣಿಯ ದಂಡೆಯ ಎರೆಯ ಹೊಲಗಳಲ್ಲಿ ಬೆಳೆದ ಜೋಳವೆಲ್ಲ ಹಿಂದೆ ಇಂಥ ಹಗೇವುಗಳಲ್ಲಿಯೇ ನಿಲ್ಲುತ್ತಿತ್ತು. ಈಗ ಹಗೇವುಗಳು ಮುಚ್ಚುತ್ತ ಬಂದಿವೆ. ಶಬ್ದವೂ ಅವುಗಳ ಸಂಗಡ ಮುಚ್ಚಿಹೋಗಬಾರದು.

ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲರು ಬಾಸೆಲ್ ಮಿಶನ್ನಿನ ಸೇವೆಯಲ್ಲಿದ್ದು ಬಹುವರ್ಷ ದುಡಿದು ೧೮೯೪ರಲ್ಲಿ ಮಂಗಳೂರಿನಲ್ಲಿ ತಮ್ಮ ಕನ್ನಡ ನಿಘಂಟನ್ನು ಅಚ್ಚಿಗೆ ತಂದರು. ಸುಮಾರು ೭೦,೦೦೦ ಶಬ್ದಗಳ ಆ ಗ್ರಂಥದಲ್ಲಿ ಹಳೆಯ ಕಾವ್ಯಗಳ ಶಬ್ದಗಳ ಪಕ್ಕದಲ್ಲಿಯೇ ಜನರ ಆಡುಮಾತೂ ಗಾದೆಗಳೂ ಸ್ಥಾನ ಪಡೆದಿವೆ. ದೂರದೇಶದವರಿಗೆ ಬೆಲೆಯುಳ್ಳದ್ದಾಗಿ ಕಂಡ ಮಾತು ನಮ್ಮ ಮಗಳಿಗೆ ನಾಚಿಕೆಯದಾಗಬೇಕೆ? ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿನಿಯು ವಾರಕ್ಕೊಂದು ಮನೆಮಾತನ್ನು ತಂದು, ಅದರ ಅರ್ಥವನ್ನು ತಾನೇ ಬರೆದು, ವರ್ಗದಲ್ಲಿ ಓದಿ ತೋರಿಸಬೇಕೆಂದು ನಾವು ಕೇಳುವೆವು. ತುಟಿ ಮುಚ್ಚಿದ ಹುಡುಗಿಯರನ್ನು ಮಾತನಾಡಿಸಲು ನನಗೆ ಇದಕ್ಕಿಂತ ಒಳ್ಳೆಯ ಉಪಾಯವು ಕಂಡಿಲ್ಲ.

೩. ಹಾಡು

ಇನ್ನು ಹಾಡಿನ ವಿಷಯ. ಸಂಗೀತವೆಂದರೆ ಪೆಟ್ಟಿಗೆ-ತಬಲಗಳ ಮುಂದೆ ಕುಳಿತು ಕಲಿಯುವ ವಿದ್ಯೆಯೆಂದು ಬಹಳ ಜನರ ತಿಳಿವಳಿಕೆ. ಅದು ಶ್ರೇಷ್ಠವಾದ ವಿದ್ಯೆಯೇ ಸರಿ. ಆದರೆ ನಮ್ಮ ಸೀಮೆಯ ಹುಡುಗಿಯು ಹುಟ್ಟಿದಂದಿನಿಂದ ಸಂಗೀತದ ನಡುವೆಯೇ ಇರುವಳು. ತೊಟ್ಟಿಲಲ್ಲಿ ಜೋಗುಳ, ಕಣದಲ್ಲಿ ಹಂತಿಯ ಪದ, ಮದುವೆಯಲ್ಲಿ ಸೋಬಾನೆ, ಗುಡಿಯಲ್ಲಿ ಭಜನೆ, ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರು ಕೂಡಿ ಹಾಡುವ ರಿವಾಯತ ಪದ, ಶಾಲೆಯಲ್ಲಿ ಪ್ರಾರ್ಥನಾಗೀತ. ವಿಜಾಪುರದಲ್ಲಿ ೧೫೮೦ರಿಂದ ೧೬೨೭ರ ವರೆಗೆ ಆಳಿದ ಎರಡನೆಯ ಇಬ್ರಾಹಿಮ್ ಆದಿಲಶಾಹನು ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಗ್ರಂಥವನ್ನು ರಚಿಸಿ ಅದರಲ್ಲಿ ವಿದ್ಯಾದೇವತೆಯಾದ ಸರಸ್ವತಿಯನ್ನು ಸ್ತುತಿಸಿದನು. ವಿದ್ಯೆಯೂ ಹಾಡೂ ಬೇರೆಯಲ್ಲವೆಂಬುದನ್ನು ಈ ನೆಲದ ಅರಸನೂ ಅರಿತಿದ್ದನು.

ಇವೆಲ್ಲವುಗಳಿಗಿಂತ ನಮ್ಮ ತಾಯಂದಿರಿಗೆ ಹತ್ತಿರವಾದುದು ಬೀಸುವ ಕಲ್ಲಿನ ಪದ. ಬೆಳಗು ಮೂಡುವ ಮೊದಲೇ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಒಂದೇ ಗೂಟವನ್ನು ಹಿಡಿದು ಕಲ್ಲನ್ನು ತಿರುವುತ್ತಿದ್ದರು. ಒಬ್ಬಳು ನಡುನಡುವೆ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತಿದ್ದಳು. ಕಲ್ಲು ಸುತ್ತುವ ವೇಗವೇ ಹಾಡಿನ ತಾಳ. ಮೊದಲು ದೇವರ ಸ್ಮರಣೆ, ಬಳಿಕ ತಾಯಿತಂದೆ, ಅಣ್ಣತಮ್ಮ, ತವರು, ಗಂಡನ ಮನೆ, ಕೊನೆಗೆ ಕಲ್ಲಿಗೂ ಒಂದು ನಮಸ್ಕಾರ. ಹಿಟ್ಟಿನ ಗಿರಣಿ ಊರೂರಿಗೆ ಬಂದ ಮೇಲೆ ತಾಯಂದಿರ ತೋಳಿನ ನೋವು ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ಹಾಡು ನಿಂತಿತು.

ಹಾಡು ಪೂರ್ಣ ನಿಲ್ಲುವ ಮೊದಲೇ ಅದನ್ನು ಬರೆದುಕೊಂಡವರು ನಮ್ಮ ಇಂಡಿಯ ಸೀಮೆಯವರೇ ಆದ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರ ಗುಂಪದು. ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಅವರು ಸಂಗ್ರಹಿಸಿದ 'ಗರತಿಯ ಹಾಡು' ೧೯೩೧ರಲ್ಲಿ, 'ಜೀವನ ಸಂಗೀತ' ೧೯೩೩ರಲ್ಲಿ, 'ಮಲ್ಲಿಗೆ ದಂಡೆ' ೧೯೩೫ರಲ್ಲಿ ಪ್ರಕಟವಾದವು. ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಶಾಲಾಶಿಕ್ಷಕರು. ಚಡಚಣದಲ್ಲಿ ೧೯೦೫ರಲ್ಲಿ ಹುಟ್ಟಿದ ಅವರು ಮುಂದೆ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನೇರಿದರು. ತಾಯಂದಿರ ಹಾಡನ್ನು ಕಿವಿಗೊಟ್ಟು ಕೇಳಿದ ಒಬ್ಬ ಮಾಸ್ತರರಿಗೆ ನಾಡು ಮಾಡಿದ ಗೌರವವದು.

ಈ ಹಾಡಿಗೂ ಹತ್ತನೆಯ ವರ್ಗದ ಪಾಠಕ್ಕೂ ಇರುವ ಸಂಬಂಧವನ್ನು ಪಾಲಕರು ಕೇಳಬಹುದು. ಹುಡುಗಿಯರಿಗೆ ಕಠಿಣವೆನಿಸುವ ಪಾಠಗಳಲ್ಲಿ ಛಂದಸ್ಸು ಒಂದು. ಲಘು, ಗುರು, ಗಣ ಎಂದ ಕೂಡಲೆ ಮುಖ ಬಾಡುವದು. ಆದರೆ ಬೀಸುವ ಪದದ ಛಂದಸ್ಸಾದ ತ್ರಿಪದಿಯು ಅವರ ಕಿವಿಯಲ್ಲಿ ಆಗಲೇ ಇದೆ. ತ್ರಿಪದಿಯಲ್ಲಿ ಮೂರು ಸಾಲು, ಒಟ್ಟು ೧೧ ಗಣ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣಗಳು ಗಿಡ್ಡವಾದ ಬ್ರಹ್ಮಗಣಗಳು; ಉಳಿದವು ವಿಷ್ಣುಗಣಗಳು. ಇವು ಅಂಶಗಣಗಳಾದುದರಿಂದ ಹಾಡುವವಳು ಅಕ್ಷರವನ್ನು ಬೇಕಾದಂತೆ ಎಳೆಯಬಹುದು, ಒತ್ತಬಹುದು. ಕಾಗದದ ಮೇಲೆ ಎಣಿಸಿದರೆ ಹೆಚ್ಚುಕಡಿಮೆ ತೋರಿದರೂ ಕಲ್ಲಿನ ಸುತ್ತಿಗೆ ಸರಿಯಾಗಿಯೇ ಬೀಳುವದು. ಎರಡನೆಯ ಸಾಲಿನ ಮಾತನ್ನು ಮರಳಿ ಹಾಡುವದರಿಂದ ಮೂರು ಸಾಲಿನ ಪದವು ಕಿವಿಗೆ ಇನ್ನೂ ದೊಡ್ಡದಾಗಿ ಕೇಳಿಸುವದು.

ಈ ಛಂದಸ್ಸಿನ ವಯಸ್ಸೆಷ್ಟು? ೧೯೯೭ರ ವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಬಾದಾಮಿಯಲ್ಲಿ ಬಂಡೆಯ ಮೇಲೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ. ಶ. ೭೦೦ರಲ್ಲಿಯೇ, ತ್ರಿಪದಿಗಳಿವೆ. ಹತ್ತನೆಯ ಶತಮಾನದ ನಾಗವರ್ಮನು 'ಛಂದೋಂಬುಧಿ'ಯಲ್ಲಿ ತ್ರಿಪದಿಯ ಲಕ್ಷಣವನ್ನು ಹೇಳಿದನು. ಆ ಗ್ರಂಥವನ್ನು ೧೮೭೫ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು ಮೇಲೆ ಹೇಳಿದ ಕಿಟ್ಟೆಲರೇ. ಸರ್ವಜ್ಞನ ವಚನಗಳೂ ತ್ರಿಪದಿಗಳೇ. ಓದುಬರಹವಿಲ್ಲದ ನಿಮ್ಮ ಅಜ್ಜಿಯು ಕಲ್ಲಿನ ಮುಂದೆ ಕುಳಿತು ಹೇಳಿದುದು ಇದೇ ಛಂದಸ್ಸು. 'ನಿಮ್ಮ ಅಜ್ಜಿಯ ಒಂದು ಪದ ಹೇಳು' ಎಂದು ಆರಂಭಿಸಿದರೆ ಪಾಠವು ಅರ್ಧ ಮುಗಿದಂತೆಯೇ.

೪. ಒಲವು

ಒಲವಿನ ಮಾತನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಎತ್ತುವದು ಉಚಿತವೇ ಎಂದು ಕೆಲವರು ಕೇಳಬಹುದು. ಉಚಿತವಷ್ಟೇ ಅಲ್ಲ, ಅವಶ್ಯವೆಂದು ನನ್ನ ಅಭಿಪ್ರಾಯ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಲಯ-ಗಣಗಳ ಲೆಕ್ಕಕ್ಕಿಂತ ಪ್ರೀತಿಯನ್ನೇ ತಮ್ಮ ಹಾಡಿಗೆ ಆಧಾರವಾಗಿ ಮಾಡಿಕೊಂಡಿರುವರು. ಮಧುರಚೆನ್ನರು 'ನನ್ನ ನಲ್ಲ'ದಲ್ಲಿ ದೇವರನ್ನು ನಲ್ಲನೆಂದೇ ಕರೆದರು. ಒಲವು ಹೀನವಾದ ಮಾತಾಗಿದ್ದರೆ ಇಂಥವರು ಅದನ್ನು ಬಾಯಿಗೆ ತರುತ್ತಿದ್ದರೆ?

ಬೀಸುವ ಪದಗಳಲ್ಲಿ ಒಲವು ಅನೇಕ ಮುಖಗಳಿಂದ ಕಾಣುವದು. ಹಡೆದವ್ವನ ಮೇಲಣ ಮಮತೆ, ಪಂಚಮಿಗೆ ಕರೆಯಲು ಬರುವ ಅಣ್ಣನ ಹಾದಿ ನೋಡುವದು, ಕೂಸಿನ ಆಟ, ಗಂಡನೊಡನೆ ಮುನಿಸು ಮತ್ತು ಸಲಿಗೆ, ಬಂಜೆಯ ದುಃಖ, ಸವತಿಯ ಸಂಕಟ, ಎಲ್ಲವೂ ಅಲ್ಲಿವೆ. ಎದುರಿಗೆ ಹೇಳಲಾಗದ ಮಾತನ್ನು ಸೊಸೆಯು ಕಲ್ಲಿಗೆ ಹೇಳಿದಳು. ಮನೆಯವರೆಲ್ಲ ಹಾಸಿಗೆಯಲ್ಲಿಯೇ ಕೇಳಿದರು. ಹಾಡೆಂಬ ಕಾರಣದಿಂದ ಯಾರೂ ಸಿಟ್ಟಾಗಲಿಲ್ಲ. ಹೆಣ್ಣಿನ ಮನಸ್ಸಿಗೆ ಅದು ಒಂದು ಬಾಯಿ ಆಗಿತ್ತು. ಚಿಕ್ಕ ಹುಡುಗಿಯರು ಪಕ್ಕದಲ್ಲಿ ಮಲಗಿ ಕೇಳುತ್ತ, ಮನಸ್ಸಿಗೆ ಏನೇನು ಆಗುವದುಂಟು, ಅದನ್ನು ಯಾವ ಮಾತಿನಿಂದ ಹೇಳಬೇಕು ಎಂಬದನ್ನು ಕಲಿಯುತ್ತಿದ್ದರು.

ಇಂದು ಕಲ್ಲು ಅಂಗಳದ ಮೂಲೆಯಲ್ಲಿ ಬಿದ್ದಿದೆ. ಹದಿನೈದು ವರುಷದ ಹುಡುಗಿಯ ಮನಸ್ಸು ಮಾತ್ರ ಹಿಂದಿನಂತೆಯೇ ಇದೆ. ಅದರ ಬಾಯಿ ಯಾವದು? ಸಿನಿಮಾದ ಹಾಡು, ಮೊಬೈಲಿನ ಸಂದೇಶ. ಸಿನಿಮಾದ ಹಾಡುಗಳಲ್ಲಿ ಒಳ್ಳೆಯವೂ ಉಂಟು, ನಾನು ಅವುಗಳ ವೈರಿಯಲ್ಲ. ಆದರೆ ಅವುಗಳಲ್ಲಿ ಒಲವಿನ ಒಂದೇ ಮುಖವು ಹೆಚ್ಚಾಗಿ ಕಾಣುವದು. ಅದನ್ನೇ ಹುಡುಗಿಯು ಸಮಗ್ರವೆಂದು ತಿಳಿಯುವಳು. ಮನೆಯಲ್ಲಿ ಕೇಳುವಂತಿಲ್ಲ, ಶಾಲೆಯಲ್ಲಿ ಹೇಳುವಂತಿಲ್ಲ ಎಂದಾದರೆ ಅವಳು ಯಾರೊಡನೆ ಮಾತನಾಡಬೇಕು?

ಹೆಸರು ಹೇಳದೆ ಒಂದು ಸಂಗತಿಯನ್ನು ತಿಳಿಸುವೆನು. ಹತ್ತನೆಯ ವರ್ಗದ ಒಬ್ಬ ಹುಡುಗಿಯ ಚೀಲದಲ್ಲಿ ಒಂದು ಕಾಗದ ಸಿಕ್ಕಿತು. ಅದರಲ್ಲಿ ಒಂದು ಸಿನಿಮಾದ ಹಾಡನ್ನು ಅವಳು ಅಂದವಾದ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ಯಾರ ಹೆಸರೂ ಅದರಲ್ಲಿರಲಿಲ್ಲ. ಮನೆಯವರು ಅದನ್ನು ಪತ್ರವೆಂದು ತಿಳಿದು, ಮಾನದ ಅಂಜಿಕೆಯಿಂದ ಮರುದಿನವೇ ಶಾಲೆ ಬಿಡಿಸಿದರು. ಪರೀಕ್ಷೆಗೆ ಎರಡು ತಿಂಗಳು ಉಳಿದಿದ್ದವು. ನಾವು ಇಬ್ಬರು ಶಿಕ್ಷಕಿಯರು ಎರಡು ಸಲ ಹೋಗಿ ಬೇಡಿಕೊಂಡೆವು. ತಾಯಿಯು ಅತ್ತಳು, ತಂದೆಯು, 'ಅಕ್ಕಾವ್ರ, ನೀವು ಹೇಳೂದು ಖರೆ, ಆದ್ರ ಊರಾಗ ಇರಾವ್ರು ನಾವರೀ' ಎಂದನು. ಅವಳು ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ.

ಆ ತಂದೆಯು ಕೆಟ್ಟವನಲ್ಲ. ಮಗಳ ಮೇಲಿನ ಪ್ರೀತಿಯೇ ಅಂಜಿಕೆಯ ವೇಷ ಹಾಕಿಕೊಂಡು ಬಂದಿತ್ತು. ಆದರೆ ಅಂಜಿಕೆಯಿಂದ ಬಿಡಿಸಿದ ಶಾಲೆಯ ಮುಂದಿನ ಹೆಜ್ಜೆ ಅವಸರದ ಮದುವೆ. ಕಾಯಿದೆಯು ಈ ವಿಷಯದಲ್ಲಿ ಬಹುದೂರ ನಡೆದು ಬಂದಿದೆ. ೧೯೨೯ರ ಶಾರದಾ ಕಾಯಿದೆಯು ಹುಡುಗಿಯ ಮದುವೆಗೆ ೧೪ ವರುಷಗಳ ಮಿತಿಯನ್ನಿಟ್ಟಿತು. ೧೯೭೮ರಲ್ಲಿ ಅದು ೧೮ಕ್ಕೆ ಏರಿತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಅದಕ್ಕಿಂತ ಮೊದಲು ಮದುವೆ ಮಾಡಿಸುವವರಿಗೆ ಶಿಕ್ಷೆಯನ್ನು ವಿಧಿಸಿದೆ. ಮಕ್ಕಳ ಸಹಾಯವಾಣಿಯಾದ ೧೦೯೮ಕ್ಕೆ ಯಾವ ಹುಡುಗಿಯಾದರೂ, ಯಾವ ನೆರೆಯವರಾದರೂ ಕರೆ ಮಾಡಬಹುದು. ಆದರೆ ಕಾಯಿದೆಯು ಬಾಗಿಲಿಗೆ ಬರುವ ಮೊದಲು ತಾಯಿಯು ಮಗಳ ಪಕ್ಕದಲ್ಲಿ ಕುಳಿತು ಮಾತನಾಡಿದರೆ ಎಷ್ಟೋ ಕೆಲಸವಾಗುವದು.

೫. ಬಿನ್ನಹ

ಕೊನೆಯದಾಗಿ ಕೆಲವು ಬಿನ್ನಹಗಳು. ಪಾಲಕರೇ, ಸಾಲೋಟಗಿಯವರು ದೀಪಕ್ಕೆ ೧೨ ನಿವರ್ತನ ಹೊಲವನ್ನು ಬಿಟ್ಟಂತೆ, ನೀವು ನಿಮ್ಮ ಮಗಳ ಪಾಲಿಗೆ ದಿನಕ್ಕೆ ಎರಡು ತಾಸಿನ ಬೆಳಕನ್ನು ಬಿಡಿರಿ. ಆ ಹೊತ್ತಿನಲ್ಲಿ ಟಿ. ವಿ. ಬೇಡ, ಕೆಲಸ ಹೇಳುವದು ಬೇಡ. ಮಗನಿಗೂ ಕಸಬರಿಗೆ ಹಿಡಿಯಲು ಬರುವದು, ಕಲಿಸಿ ನೋಡಿರಿ. ಮಗಳ ಪುಸ್ತಕದಲ್ಲಿ ಯಾವದಾದರೂ ಕಾಗದ ಸಿಕ್ಕರೆ ಮೊದಲು ಅವಳನ್ನು ಕೇಳಿರಿ, ಬಳಿಕ ನಮ್ಮನ್ನು ಕೇಳಿರಿ. ಶಾಲೆ ಬಿಡಿಸುವ ಮಾತನ್ನು ಮಾತ್ರ ಆಡಬೇಡಿರಿ.

ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. ನಿಮ್ಮ ಹಿರಿಯರಿಂದ ಕೇಳಿದ ಪದಗಳು ನಿಮಗೆ ಎಷ್ಟು ನೆನಪಿವೆಯೋ ಅಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಹಾಡಿದವರ ಊರನ್ನೂ ಬರೆದು, ಶಾಲೆಯ ಪುಸ್ತಕಾಲಯಕ್ಕೆ ಕಳಿಸಿರಿ. ರಾಗ ನೆನಪಿದ್ದರೆ ಮೊಬೈಲಿನಲ್ಲಿ ಹಾಡಿ ಕಳಿಸಿರಿ; ಆ ಯಂತ್ರದಿಂದ ಇಂಥ ಉಪಯೋಗವೂ ಉಂಟು. ನಮ್ಮ ಇಂದಿನ ಹುಡುಗಿಯರು ಅವುಗಳನ್ನು ಪ್ರತಿ ಮಾಡುವರು, ಗಣ ಹಾಕುವರು, ಶಬ್ದಗಳ ಅರ್ಥವನ್ನು ಬರೆಯುವರು, ಶನಿವಾರ ಮಧ್ಯಾಹ್ನ ಹಾಡುವರು.

ಹೀಗೆ ಮಾಡಿದರೆ ಮೂರನೆಯ ಬೆಂಚಿನ ಆ ಹುಡುಗಿಗೆ ಪಾಠದಲ್ಲಿ ತನ್ನ ಮನೆ ಕಾಣುವದು. ಮನೆಯಲ್ಲಿ ತನ್ನ ಪಾಠಕ್ಕೆ ಸ್ಥಳ ಸಿಕ್ಕುವದು. ಮನಸ್ಸಿನಲ್ಲಿ ಏನಾದರೂ ತೊಡಕು ಬಂದರೆ ಅದನ್ನು ಹೇಳಲು ಮಾತು ದೊರೆಯುವದು, ಕೇಳಲು ಒಬ್ಬರಾದರೂ ಇರುವರು. ಪರೀಕ್ಷೆಯಲ್ಲಿ ಅವಳು ಎಷ್ಟು ಅಂಕಗಳನ್ನು ಪಡೆಯುವಳೋ ನಾನು ಹೇಳಲಾರೆ. ಅವಳು ಪರೀಕ್ಷೆಗೆ ಕುಳಿತುಕೊಳ್ಳುವಂತೆ ಮಾಡುವದು ನಿಮ್ಮ ಮತ್ತು ನಮ್ಮ ಕೈಯಲ್ಲಿದೆ.